ಕರಣಿ, ಸವಿಶೇಷ, ಆಸನ್ನ

ಪ್ರೌಢಶಾಲೆಯ ಗಣಿತದಲ್ಲಿ ‘ಕರಣಿ’ ಎಂಬ ಪಾಠವಿರುತ್ತಿತ್ತು. 2ರ ವರ್ಗಮೂಲ, 3ರ ವರ್ಗಮೂಲ ಇಂಥವೆಲ್ಲ ಕರಣಿಗಳು. ಎರಡು ಪೂರ್ಣಾಂಕಗಳ ಭಿನ್ನರಾಶಿಯಾಗಿ ಬರೆಯಲಾಗದ ಅಭಾಗಲಬ್ಧ ಸಂಖ್ಯೆಗಳು. ಇಂಗ್ಲಿಷಿನವರು ಇದನ್ನು ‘ಸರ್ಡ್’ ಎನ್ನುತ್ತಾರೆ. ಆ ಪದದ ಬೆನ್ನು ಹತ್ತಿ ಹೋದರೆ ‘ಕಿವುಡು’ ಎಂಬ ಅರ್ಥದ ಲ್ಯಾಟಿನ್ ಪದ, ಅದರ ಹಿಂದೆ ಅದೇ ಅರ್ಥದ ಅರಬ್ಬಿ ಪದ, ಅದಕ್ಕೂ ಹಿಂದೆ ಗ್ರೀಕರ ‘ಅಲೊಗೊಸ್’ ಸಿಗುತ್ತದೆ: ಅನುಪಾತವಿಲ್ಲದ್ದು, ಮಾತಿಗೆ ಸಿಗದ್ದು. ನಮ್ಮ ‘ಕರಣಿ’ಯಲ್ಲಿ ಇಂಥ ಕೊರತೆಯ ಸುಳಿವೇ ಇಲ್ಲ. ಅದರ ಅರ್ಥ ‘ಉಂಟುಮಾಡುವಂಥದ್ದು’.

ಏನನ್ನು ಉಂಟುಮಾಡುವುದು? ಉತ್ತರ ಶುಲ್ಬಸೂತ್ರಗಳಲ್ಲಿದೆ. ಶುಲ್ಬ ಎಂದರೆ ಹಗ್ಗ. ಯಜ್ಞವೇದಿಗಳನ್ನು ಹಗ್ಗದಿಂದ ಅಳೆದು ಗುರುತಿಸುವ ಕ್ರಮವನ್ನು ಈ ಗ್ರಂಥಗಳು ಹೇಳುತ್ತವೆ. ಒಂದು ಚೌಕದ ಎರಡರಷ್ಟು ವಿಸ್ತೀರ್ಣದ ಚೌಕ ಬೇಕಾದರೆ ಮೊದಲನೆಯದರ ಕರ್ಣದುದ್ದ ಹಗ್ಗ ಹಿಡಿದರಾಯಿತು. ಎರಡರಷ್ಟನ್ನು ಉಂಟುಮಾಡುವ ಆ ಅಳತೆಯೇ ‘ದ್ವಿಕರಣಿ’. ಇಲ್ಲಿ ಲೆಕ್ಕವೇ ಬೇಕಿಲ್ಲ. ಆದರೂ ಬೌಧಾಯನ ಒಂದು ಲೆಕ್ಕ ಕೊಡುತ್ತಾನೆ: ಬಾಹುವಿಗೆ ಅದರ ಮೂರನೇ ಒಂದು ಭಾಗ ಸೇರಿಸಬೇಕು, ಆ ಭಾಗದ ನಾಲ್ಕನೇ ಒಂದನ್ನೂ ಸೇರಿಸಬೇಕು, ಕೊನೆಗೆ ಸೇರಿಸಿದ್ದರ ಮೂವತ್ತನಾಲ್ಕನೇ ಒಂದನ್ನು ಕಳೆಯಬೇಕು. ಒಟ್ಟಿಗೆ 577/408. 577ರ ವರ್ಗ 3,32,929. 408ರ ವರ್ಗದ ಎರಡರಷ್ಟು 3,32,928. ವ್ಯತ್ಯಾಸ ಬರೀ ಒಂದು!

ಈ ಬೆಲೆಗೆ ಅವರಿಟ್ಟ ಹೆಸರು ‘ಸವಿಶೇಷ’. ಅದನ್ನು ‘ಹೆಚ್ಚುವರಿಯಿಂದ ಕೂಡಿದ್ದು’ ಎಂದು ಬಿಡಿಸಿ, ಬೌಧಾಯನನಿಗೆ ಅಭಾಗಲಬ್ಧತೆ ಗೊತ್ತಿತ್ತು ಎನ್ನುವವರಿದ್ದಾರೆ. ನನಗೆ ಇದು ಒಪ್ಪಿಗೆಯಾಗುವುದಿಲ್ಲ. ಈ ಭಿನ್ನರಾಶಿ ನಿಖರವಲ್ಲ ಎಂದು ತಿಳಿಯುವುದು ಬೇರೆ, ಯಾವ ಭಿನ್ನರಾಶಿಯೂ ಎಂದೂ ನಿಖರವಾಗದು ಎಂದು ತಿಳಿಯುವುದು ಬೇರೆ.

ಎರಡನೆಯದು ಗ್ರೀಕರ ಸಾಧನೆ. ರಹಸ್ಯ ಬಯಲು ಮಾಡಿದವನು ಸಮುದ್ರದಲ್ಲಿ ಮುಳುಗಿ ಸತ್ತ ಎಂಬ ದಂತಕಥೆ ಎಲ್ಲರಿಗೂ ಇಷ್ಟ, ಆದರೆ ಅದು ಶತಮಾನಗಳ ನಂತರದವರು ಬರೆದಿಟ್ಟದ್ದು. ಅರಿಸ್ಟಾಟಲ್ ಪ್ರಸ್ತಾಪಿಸುವ ತರ್ಕ ಅದಕ್ಕಿಂತ ಸೊಗಸಾಗಿದೆ. ಕರ್ಣ ಮತ್ತು ಬಾಹುಗಳ ಅನುಪಾತ ಒಂದು ಭಿನ್ನರಾಶಿ ಎಂದಿಟ್ಟುಕೊಳ್ಳಿ. ಅದನ್ನು ಇನ್ನು ಸಂಕ್ಷೇಪಿಸಲಾಗದ ರೂಪಕ್ಕೆ ತನ್ನಿ. ಅಂಶದ ವರ್ಗವು ಛೇದದ ವರ್ಗದ ಎರಡರಷ್ಟಾದ್ದರಿಂದ ಅಂಶ ಸಮಸಂಖ್ಯೆ. ಸಮಸಂಖ್ಯೆಯ ವರ್ಗ 4ರಿಂದ ಭಾಗವಾಗುತ್ತದೆ; ಹಾಗಾಗಿ ಛೇದದ ವರ್ಗವೂ ಸಮ, ಛೇದವೂ ಸಮ. ಎರಡೂ ಸಮವಾದರೆ ಇನ್ನೂ ಸಂಕ್ಷೇಪಿಸಬಹುದಿತ್ತಲ್ಲ! ಅಂದರೆ ಅಂಥ ಭಿನ್ನರಾಶಿಯೇ ಇಲ್ಲ.

ಭಾರತದಲ್ಲಿ ಈ ಪ್ರಶ್ನೆ ಮೊನಚಾದದ್ದು ವೃತ್ತದ ಲೆಕ್ಕದಲ್ಲಿ. ಕ್ರಿ.ಶ. 499ರ ಆರ್ಯಭಟ, ವ್ಯಾಸ 20,000 ಆದರೆ ಪರಿಧಿ 62,832 ಎಂದು ಹೇಳಿ, ಅದನ್ನು ‘ಆಸನ್ನ’ ಎಂದು ಕರೆದ, ಹತ್ತಿರದ್ದು ಎಂದಷ್ಟೆ. ಮೂರು ಶತಮಾನಗಳ ಮೇಲೆ, ನೃಪತುಂಗನ ಕಾಲದಲ್ಲಿ ‘ಗಣಿತಸಾರಸಂಗ್ರಹ’ ಬರೆದ ಮಹಾವೀರಾಚಾರ್ಯ ಸ್ಥೂಲಕ್ಕೆ 3, ಸೂಕ್ಷ್ಮಕ್ಕೆ 10ರ ವರ್ಗಮೂಲ ಎನ್ನುತ್ತಾನೆ. ಅದು ಸುಮಾರು 3.162, ಆರ್ಯಭಟನ 3.1416ಕ್ಕಿಂತ ಒರಟು. ಜೈನ ಪರಂಪರೆಯಿಂದ ಬಂದ ಬೆಲೆ ಅದು. ಪರಂಪರೆಯ ತೂಕ ಗಣಿತದಲ್ಲೂ ಇರುತ್ತದೆ.

‘ಆಸನ್ನ’ ಎಂಬ ಆ ಒಂದು ಪದವನ್ನು ಹಿಡಿದು ನಿಂತವನು ಕೇರಳದ ನೀಲಕಂಠ ಸೋಮಯಾಜಿ. 16ನೇ ಶತಮಾನದ ಆರಂಭದ ಹೊತ್ತಿಗೆ ತನ್ನ ಆರ್ಯಭಟೀಯ ಭಾಷ್ಯದಲ್ಲಿ ಅವನು ನೇರವಾಗಿ ಕೇಳುತ್ತಾನೆ: ನಿಜವಾದ ಬೆಲೆಯನ್ನು ಬಿಟ್ಟು ಹತ್ತಿರದ್ದನ್ನೇಕೆ ಹೇಳಿದರು? ಹೇಳಲಾಗದ್ದರಿಂದ ಎಂಬುದು ಅವನ ಉತ್ತರ. ಯಾವ ಮಾನದಿಂದ ಅಳೆದರೆ ವ್ಯಾಸ ಶೇಷವಿಲ್ಲದೆ ಮುಗಿಯುತ್ತದೋ ಅದೇ ಮಾನದಿಂದ ಅಳೆದರೆ ಪರಿಧಿಯಲ್ಲಿ ಶೇಷ ಉಳಿಯುತ್ತದೆ. ಪರಿಧಿ ಮುಗಿಯುವ ಮಾನ ಹಿಡಿದರೆ ವ್ಯಾಸದಲ್ಲಿ ಉಳಿಯುತ್ತದೆ. ಎಷ್ಟು ದೂರ ಹೋದರೂ ಶೇಷ ಚಿಕ್ಕದಾದೀತು, ಇಲ್ಲವಾಗದು.

ಇದಕ್ಕೆ ನೀಲಕಂಠ ಸಾಧನೆ ಕೊಡುವುದಿಲ್ಲ. ಆದರೆ ಸವಿಶೇಷದ ಬಗ್ಗೆ ನಾವು ಊಹಿಸಿ ಹೇಳಬೇಕಾದದ್ದನ್ನು ಇಲ್ಲಿ ಅವನೇ ಬಾಯಿಬಿಟ್ಟು ಹೇಳಿದ್ದಾನೆ. ಪೈ ಅಭಾಗಲಬ್ಧ ಎಂಬುದನ್ನು ಲ್ಯಾಂಬರ್ಟ್ ಸಾಧಿಸಿ ತೋರಿಸಿದ್ದು 1760ರ ದಶಕದಲ್ಲಿ.