ಒಂದೇ ಮನೆಯ ಮಕ್ಕಳು, ಒಂದು ಲೆಕ್ಕ

ಇಂಗ್ಲೆಂಡಿನ ಕೋಲ್ಚೆಸ್ಟರ್‌ನಲ್ಲಿ ಬುದ್ಧಿಮಾಂದ್ಯರ ಸಂಸ್ಥೆಯೊಂದರ ವೈದ್ಯರಾಗಿದ್ದ ಲಯೊನೆಲ್ ಪೆನ್ರೋಸ್ 1935ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಎರಡು ಗುಣಗಳ ಜೀನ್‌ಗಳು ಒಂದೇ ವರ್ಣತಂತುವಿನಲ್ಲಿ ಹತ್ತಿರ ಹತ್ತಿರ ಇವೆಯೇ ಎಂಬುದನ್ನು ತಂದೆತಾಯಿಯರ ವಿವರ ಇಲ್ಲದೆ, ಬರೀ ಒಡಹುಟ್ಟಿದವರ ಜೋಡಿಗಳಿಂದ ಪತ್ತೆಹಚ್ಚುವ ದಾರಿಯನ್ನು ಅದು ತೋರಿಸಿತು. ಅದು ಅಚ್ಚಾದದ್ದು ಸುಜನನಶಾಸ್ತ್ರದ ಪತ್ರಿಕೆಯಲ್ಲಿ. ಮನುಷ್ಯರನ್ನು ಮೇಲುತಳಿ, ಕೀಳುತಳಿ ಎಂದು ವಿಂಗಡಿಸುವ ಆ ಚಿಂತನೆಯನ್ನು ಪೆನ್ರೋಸ್ ಜೀವನವಿಡೀ ವಿರೋಧಿಸಿದರು. 1954ರಲ್ಲಿ, ಸಂಪಾದಕರಾಗಿದ್ದಾಗ, ಪತ್ರಿಕೆಯ ಹೆಸರನ್ನೇ ಬದಲಾಯಿಸಿದರು. ಅವರ ವಿಧಾನದ ನಿಜವಾದ ಬೆಲೆಯೂ ಇದೇ ದಿಕ್ಕಿನಲ್ಲಿದೆ ಎಂಬುದು ನನ್ನ ವಾದ. ಅದು ಎಷ್ಟು ಜೀನ್ ಹುಡುಕಿಕೊಟ್ಟಿತು ಎಂಬುದಕ್ಕಿಂತ, ಮನೆತನ ಮತ್ತು ಸ್ಥಿತಿಗತಿಯ ಪ್ರಭಾವವನ್ನು ಜೀನಿನ ಪ್ರಭಾವದಿಂದ ಬೇರ್ಪಡಿಸಲು ಕಲಿಸಿತು ಎಂಬುದು ಮುಖ್ಯ.

ಈ ಲೆಕ್ಕ ಎತ್ತರದಂಥ ಅಳೆಯಬಹುದಾದ ಗುಣಗಳಿಗೆ ಹೊಂದಿಕೊಂಡದ್ದು 1972ರಲ್ಲಿ, ಜೋಸೆಫ್ ಹೇಸ್ಮನ್ ಮತ್ತು ರಾಬರ್ಟ್ ಎಲ್ಸ್ಟನ್ ಅವರಿಂದ. ವರ್ಣತಂತುವಿನ ಯಾವುದೇ ಒಂದು ಜಾಗದಲ್ಲಿ ಇಬ್ಬರು ಒಡಹುಟ್ಟಿದವರಿಗೆ ತಂದೆತಾಯಿಯರಿಂದ ಎರಡೂ ಪ್ರತಿಗಳು ಒಂದೇ ಆಗಿ ಬಂದಿರುವ ಸಾಧ್ಯತೆ ಕಾಲು ಪಾಲು, ಒಂದೇ ಒಂದು ಸಮಾನವಾಗಿರುವ ಸಾಧ್ಯತೆ ಅರ್ಧ, ಯಾವುದೂ ಸಮಾನವಲ್ಲದಿರುವ ಸಾಧ್ಯತೆ ಕಾಲು. ಈಗ ಅವರ ಎತ್ತರದ ವ್ಯತ್ಯಾಸ ತೆಗೆದು ವರ್ಗ ಮಾಡಿ: 4 ಸೆಂಟಿಮೀಟರ್ ಆದರೆ 16, 10 ಆದರೆ 100. ಆ ಜಾಗದಲ್ಲಿ ಎತ್ತರದ ಜೀನ್ ಇದ್ದರೆ, ಎರಡೂ ಪ್ರತಿ ಹಂಚಿಕೊಂಡ ಜೋಡಿಗಳಲ್ಲಿ ಈ ವರ್ಗದ ಸರಾಸರಿ ಕಡಿಮೆಯಿರಬೇಕು. ಏನೂ ಹಂಚಿಕೊಳ್ಳದವರಲ್ಲಿ ಹೆಚ್ಚಿರಬೇಕು. ಹಂಚಿಕೆ ಏರಿದಂತೆ ವ್ಯತ್ಯಾಸ ಇಳಿಯುತ್ತದೆಯೇ ಎಂದು ಒಂದು ಗೆರೆ ಎಳೆದು ನೋಡುವುದಷ್ಟೇ ಉಳಿದ ಕೆಲಸ. ಇಷ್ಟು ಸರಳವಾದ ಯೋಚನೆ ಇಷ್ಟು ದೂರ ಕೊಂಡೊಯ್ದದ್ದು ನನಗೆ ಇಂದಿಗೂ ಬೆರಗು. ಕಾಯಿಲೆಗಳಿಗೂ ಇದೇ ತರ್ಕ: ಸಣ್ಣ ವಯಸ್ಸಿನಲ್ಲೇ ಸಕ್ಕರೆ ಕಾಯಿಲೆ ಬಂದ ಒಡಹುಟ್ಟಿದವರಲ್ಲಿ ರೋಗನಿರೋಧಕ ಶಕ್ತಿಗೆ ಸಂಬಂಧಿಸಿದ ಎಚ್‌ಎಲ್‌ಎ ಎಂಬ ಜೀನ್ ಪ್ರದೇಶದ ಎರಡೂ ಪ್ರತಿ ಒಂದೇ ಆಗಿರುವುದು ಕಾಲು ಪಾಲಿಗಿಂತ ಬಹಳ ಹೆಚ್ಚು ಎಂದು 1970ರ ದಶಕದಲ್ಲೇ ತಿಳಿಯಿತು.

ಆದರೆ ಬಲವಾದ ಆಕ್ಷೇಪವೊಂದಿದೆ. 1996ರಲ್ಲಿ ನೀಲ್ ರಿಶ್ ಮತ್ತು ಕ್ಯಾಥ್ಲೀನ್ ಮೆರಿಕಾಂಗಸ್ ಲೆಕ್ಕ ಹಾಕಿ ತೋರಿಸಿದಂತೆ, ಕಾಯಿಲೆಯ ಅಪಾಯವನ್ನು ಒಂದೂವರೆ ಪಟ್ಟು ಮಾತ್ರ ಹೆಚ್ಚಿಸುವ, ಜನರಲ್ಲಿ ಸಾಮಾನ್ಯವಾದ ಜೀನನ್ನು ಹಿಡಿಯಲು ಈ ವಿಧಾನಕ್ಕೆ ಸುಮಾರು 18 ಸಾವಿರ ಜೋಡಿಗಳು ಬೇಕು. ಜೀನಿನ ರೂಪವನ್ನೇ ನೇರವಾಗಿ ಪರೀಕ್ಷಿಸುವ ವಿಧಾನಕ್ಕೆ ಸಾವಿರಕ್ಕೂ ಕಡಿಮೆ ಕುಟುಂಬಗಳು ಸಾಕು. ಸಂಶೋಧನೆ ಆ ಕಡೆ ವಾಲಿದ್ದು ಸರಿಯೇ. ಹಾಗೆಂದು ಹಳೆಯ ದಾರಿ ಬಂಜೆಯಾಗಿರಲಿಲ್ಲ. ಕರುಳಿನ ಉರಿಯೂತದ ಕ್ರೋನ್ಸ್ ಕಾಯಿಲೆಯ ಸುಳಿವನ್ನು 16ನೇ ವರ್ಣತಂತುವಿನಲ್ಲಿ ಕೊಟ್ಟದ್ದು ಕುಟುಂಬಗಳ ಅಧ್ಯಯನ. ಅದೇ ಜಾಡಿನಲ್ಲಿ 2001ರಲ್ಲಿ ನೋಡ್2 ಜೀನ್ ಸಿಕ್ಕಿತು.

ಹೊಸ ವಿಧಾನದ ತೊಡಕು ಕಂಡದ್ದು ಆಮೇಲೆ. ಬೇರೆ ಬೇರೆ ಮನೆಗಳ ಲಕ್ಷಾಂತರ ಜನರನ್ನು ಹೋಲಿಸುವಾಗ ಊರು, ಹಣ, ಪೋಷಕರ ಓದು ಎಲ್ಲವೂ ಜೀನಿನ ವೇಷ ಹಾಕಿಕೊಂಡು ಬರುತ್ತವೆ. ಒಡಹುಟ್ಟಿದವರ ನಡುವೆ ಅದಕ್ಕೆ ಆಸ್ಪದ ಕಡಿಮೆ. 2006ರಲ್ಲಿ ಪೀಟರ್ ವಿಷರ್ ಮತ್ತು ಸಂಗಡಿಗರು, ಒಡಹುಟ್ಟಿದವರು ಸರಾಸರಿ ಅರ್ಧದಷ್ಟು ಪ್ರತಿಗಳನ್ನು ಹಂಚಿಕೊಂಡರೂ ಜೋಡಿಯಿಂದ ಜೋಡಿಗೆ ಅದು ಸುಮಾರು ಶೇ. 37ರಿಂದ 62ರವರೆಗೆ ಹೊಯ್ದಾಡುವುದನ್ನೇ ಬಳಸಿ, ಎತ್ತರದ ಆನುವಂಶಿಕತೆಯನ್ನು ಶೇ. 80 ಎಂದು ಅಂದಾಜಿಸಿದರು. ಅಕ್ಕನಿಗೂ ತಮ್ಮನಿಗೂ ಬಾಲ್ಯ ಒಂದೇ ಆಗಿರುವುದಿಲ್ಲವಲ್ಲ ಎನ್ನಬಹುದು. ನಿಜ, ಇರುವುದಿಲ್ಲ. ಆದರೆ ಯಾರಿಗೆ ಯಾವ ಪ್ರತಿ ಬರುತ್ತದೆ ಎಂಬುದು ಹುಟ್ಟುವ ಮೊದಲೇ ಆಕಸ್ಮಿಕವಾಗಿ ನಿರ್ಧಾರವಾಗಿರುತ್ತದೆ. ಮೊದಲ ಮಗುವೆಂಬ ಕಾರಣಕ್ಕೆ ಬೇರೆ ಜೀನ್ ಸಿಗುವುದಿಲ್ಲ. ಒಡಹುಟ್ಟಿದವರು ಪರಸ್ಪರರ ಮೇಲೆ ಬೀರುವ ಪ್ರಭಾವವನ್ನು ಮಾತ್ರ ಈ ಲೆಕ್ಕ ಪೂರ್ತಿ ಕಳೆಯಲಾರದು. 2022ರಲ್ಲಿ 1,78,086 ಒಡಹುಟ್ಟಿದವರ ಮಾಹಿತಿ ಒಟ್ಟುಗೂಡಿಸಿ ನೋಡಿದಾಗ, ಎತ್ತರದ ಮೇಲೆ ಜೀನ್‌ಗಳದ್ದೆಂದು ಭಾವಿಸಿದ್ದ ಪ್ರಭಾವ ಸ್ವಲ್ಪವೇ ಕುಗ್ಗಿತು. ಶಾಲಾ ಓದಿನ ಮೇಲಿನ ಪ್ರಭಾವ ಹತ್ತಿರಹತ್ತಿರ ಅರ್ಧಕ್ಕೆ ಇಳಿಯಿತು.