ಮುಪ್ಪು, ಮರೆವು ಮತ್ತು ನೆನಪಿನ ಮಾತ್ರೆಗಳು

‘ಅರವತ್ತಕ್ಕೆ ಅರಳುಮರಳು’ ಎಂದು ಹಿರಿಯರ ಮರೆವನ್ನೆಲ್ಲ ವಯಸ್ಸಿನ ಲೆಕ್ಕಕ್ಕೆ ಬರೆದುಬಿಡುವುದು ನಮ್ಮಲ್ಲಿ ರೂಢಿ. ಅದು ಅರ್ಧ ಮಾತ್ರ ಸರಿ. ಮೆದುಳಿನ ನರಕೋಶಗಳು ಪರಸ್ಪರ ಸಂದೇಶ ಮುಟ್ಟಿಸುವುದು ನರವಾಹಕಗಳೆಂಬ ರಾಸಾಯನಿಕಗಳ ಮೂಲಕ. ವಯಸ್ಸು ಏರಿದಂತೆ ಡೋಪಮೈನ್ ಎಂಬ ನರವಾಹಕವನ್ನು ಸ್ವೀಕರಿಸುವ ಗ್ರಾಹಕಗಳು ಕ್ರಮೇಣ ಕಡಿಮೆಯಾಗುತ್ತವೆ. ಯೋಚನೆಯ ವೇಗ ತಗ್ಗುವುದಕ್ಕೂ ಇದಕ್ಕೂ ನಂಟಿದೆ. ಪರಿಚಿತರ ಹೆಸರು ತುಸು ತಡವಾಗಿ ನೆನಪಾದರೆ ಅದನ್ನು ರೋಗವೆನ್ನಲಾಗದು.

ಅಲ್ಜೈಮರ್ಸ್ ಬೇರೆಯೇ ಸಂಗತಿ. ಈ ರೋಗದಿಂದ ಮೃತರಾದವರ ಮೆದುಳುಗಳನ್ನು 1976ರ ಸುಮಾರಿಗೆ ಬ್ರಿಟನ್ನಿನ ಸಂಶೋಧಕರು ಪರೀಕ್ಷಿಸಿದಾಗ, ಅಸಿಟೈಲ್‌ಕೋಲಿನ್ ಎಂಬ ನರವಾಹಕವನ್ನು ತಯಾರಿಸುವ ಕಿಣ್ವವು ತೀವ್ರವಾಗಿ ಕುಸಿದಿತ್ತು. ಅದರ ಕಚ್ಚಾವಸ್ತುವಾದ ಕೋಲಿನ್ ಅನ್ನು ಹೊರಗಿನಿಂದ ಕೊಟ್ಟು ನೋಡಿದರು, ಫಲಿಸಲಿಲ್ಲ. ಬಳಿಕ, ಇರುವ ಅಸಿಟೈಲ್‌ಕೋಲಿನ್ ಅನ್ನು ಒಡೆದುಹಾಕುವ ಕಿಣ್ವವನ್ನೇ ತಡೆಯುವ ಔಷಧಗಳು ಬಂದವು. ಅಮೆರಿಕದಲ್ಲಿ 1993ರಲ್ಲಿ ಅನುಮತಿ ಪಡೆದ ಟ್ಯಾಕ್ರಿನ್ ಯಕೃತ್ತಿಗೆ ಹಾನಿಕರವಾಗಿ ಮೂಲೆ ಸೇರಿತು. 1996ರಲ್ಲಿ ಬಂದ ಡೊನೆಪೆಜಿಲ್, ಅನಂತರದ ರಿವಾಸ್ಟಿಗ್ಮಿನ್, ಗ್ಯಾಲಂಟಮಿನ್ ಇಂದಿಗೂ ಬಳಕೆಯಲ್ಲಿವೆ. ಇವುಗಳ ಕೆಲಸ ಬತ್ತುತ್ತಿರುವ ಕೆರೆಯ ತೂಬನ್ನು ಬಿಗಿಗೊಳಿಸಿದಂತೆ. ಹೊಸ ನೀರು ಬರುವುದಿಲ್ಲ. ಲಾಭ ಅಲ್ಪ, ರೋಗ ಮುಂದುವರಿಯುತ್ತದೆ. ವಾಕರಿಕೆ, ಭೇದಿ, ನಾಡಿಬಡಿತ ನಿಧಾನವಾಗುವುದು ಇವುಗಳ ಅಡ್ಡಪರಿಣಾಮಗಳು. ಮೆಮಾಂಟಿನ್ ಮಾತ್ರ ಬೇರೆ ದಾರಿಯದು: ಅದು ಗ್ಲುಟಮೇಟ್ ಎಂಬ ನರವಾಹಕದ ಅತಿಯಾದ ಪ್ರಚೋದನೆಯನ್ನು ತಗ್ಗಿಸುತ್ತದೆ.

ನಾವು ಒತ್ತಿ ಹೇಳಬಯಸುವುದು ಇನ್ನೊಂದು ವಿಷಯ. ನೆಗಡಿ ಮಾತ್ರೆಗಳಲ್ಲಿರುವ ಕ್ಲೋರ್‌ಫೆನಿರಮಿನ್, ನರನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್, ಮೂತ್ರ ತಡೆಯಲಾಗದವರಿಗೆ ಕೊಡುವ ಆಕ್ಸಿಬ್ಯುಟಿನಿನ್ ಇವೆಲ್ಲ ಅಸಿಟೈಲ್‌ಕೋಲಿನ್‌ನ ಕೆಲಸಕ್ಕೇ ಅಡ್ಡಬರುತ್ತವೆ. ವೃದ್ಧರಲ್ಲಿ ಇವುಗಳಿಂದಲೇ ಗೊಂದಲ, ಮರೆವು ಉಂಟಾಗಬಹುದು. ಡೊನೆಪೆಜಿಲ್ ಜೊತೆಗೆ ಇವನ್ನು ನುಂಗಿದರೆ ಒಂದು ಕೈ ಕಟ್ಟಿದ್ದನ್ನು ಇನ್ನೊಂದು ಕೈ ಕೆಡವಿದಂತೆ. ಕಾಸರಗೋಡಿನ ನಮ್ಮ ಹಿರಿಯರು ದೊಡ್ಡ ಕಾಯಿಲೆಗೆ ಮಂಗಳೂರಿಗೆ ಹೋಗುತ್ತಾರೆ, ನೆಗಡಿಗೆ ಊರಿನ ಔಷಧದಂಗಡಿಯಲ್ಲೇ ಮಾತ್ರೆ ಕೊಳ್ಳುತ್ತಾರೆ. ಒಂದು ಚೀಟಿ ಇನ್ನೊಬ್ಬರ ಕಣ್ಣಿಗೆ ಬೀಳುವುದೇ ಇಲ್ಲ. ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದೇ ಚೀಲದಲ್ಲಿ ವೈದ್ಯರ ಮುಂದಿಡಬೇಕು. ಯಾವುದನ್ನೂ ತಾವಾಗಿಯೇ ನಿಲ್ಲಿಸಬಾರದು.

ಔಷಧ ಆರಂಭಿಸುವ ಮುನ್ನ ನಡೆಯುವ ನೆನಪಿನ ಪರೀಕ್ಷೆಯ ಭಾಷೆಯೂ ಮುಖ್ಯ. ಕನ್ನಡದಲ್ಲಿ ಬಾಳಿದ ಅಜ್ಜಿಯನ್ನು ಮಲಯಾಳದಲ್ಲೋ ತಮಿಳಿನಲ್ಲೋ ಪ್ರಶ್ನಿಸಿದರೆ, ಭಾಷೆಯ ತೊಡಕೇ ಮರೆವಿನಂತೆ ಕಾಣಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ರೂಪಿಸಿದ ಪರೀಕ್ಷಾ ಸಾಧನವು ಕನ್ನಡದಲ್ಲಿಯೂ ಲಭ್ಯವಿದೆ. ಕನ್ನಡದಲ್ಲೇ ಪರೀಕ್ಷಿಸುವಂತೆ ಮನೆಯವರು ಕೇಳಬಹುದು.