ಹಳೆ ಹೆಸರಿನ ಹೊಸ ಗಾಡಿ

"ಗಾಡಿ ಎಲ್ಲಿ ಹಚ್ಚೀರಿ?"

ಭಾರತ ಹುಣ್ಣಿಮೆಯ ಹೊತ್ತಿಗೆ ಚಿಂಚಲಿಯ ಮಾಯಕ್ಕದೇವಿ ಜಾತ್ರೆಯಲ್ಲಿ ಈ ಪ್ರಶ್ನೆ ಕಿವಿಗೆ ಬೀಳದೆ ಇರದು. ಉತ್ತರ ಮಾತ್ರ ಆಳಿಗೊಂದು ಥರ. ಸಾಂಗಲಿ, ಕೊಲ್ಲಾಪುರ ಕಡೆಯಿಂದ ಎತ್ತು ಹೂಡಿಕೊಂಡು ಬಂದವರು ಹೊಲದತ್ತ ಕೈ ತೋರಿಸುತ್ತಾರೆ. ಅಥಣಿಯ ಹುಡುಗನಿಗೆ ಗಾಡಿ ಎಂದರೆ ಬೈಕು, ನಿಪ್ಪಾಣಿಯ ಸಾವುಕಾರರಿಗೆ ಕಾರು. ಮಿರಜ ಕಡೆಯಿಂದ ರೈಲಿನಲ್ಲಿ ಬಂದವರು "ನಮ್ದೇನ ಹಚ್ಚೋದೈತ್ರಿ, ಸಂಜಿ ಗಾಡಿಗೆ ಹೊಂಟ್ವಿ" ಎಂದು ನಗುತ್ತಾರೆ. ನಾಲ್ಕು ವಾಹನಕ್ಕೂ ಹೆಸರು ಒಂದೇ. ಕೇಳಿದವರಿಗೂ ಗೊಂದಲವಿಲ್ಲ, ಹೇಳಿದವರಿಗೂ ಇಲ್ಲ.

ಹಳೆ ವಾಹನದ ಹೆಸರನ್ನು ಹೊಸ ವಾಹನಕ್ಕೆ ಇಡುವುದು ನಮ್ಮ ಸೀಮೆಯಲ್ಲಿ ಹೀಗೆ ಸದ್ದಿಲ್ಲದೆ ನಡೆದುಹೋಗಿದೆ. ಅದೇ ಕೆಲಸವನ್ನು ಕಾರು ಕಂಪನಿ ಮಾಡಿದರೆ ರಂಪವಾಗುತ್ತದೆ.

ಅಮೆರಿಕದ ಡಾಜ್ ಕಂಪನಿಯ ಚಾರ್ಜರ್ ಕಾರನ್ನೇ ನೋಡಿ. 1966ರಲ್ಲಿ ಅದು ಬಂದಾಗ ಎರಡೇ ಬಾಗಿಲು, ಹಿಂದಕ್ಕೆ ಇಳಿಜಾರಾಗಿ ಬಾಗಿದ ಚಾವಣಿ. ಮಧ್ಯಮ ಗಾತ್ರದ ಕಾರಿಗೆ ಅಳತೆ ಮೀರಿದ ದೊಡ್ಡ ಎಂಜಿನ್ ಕೂಡಿಸಿ ರಸ್ತೆಗೆ ಬಿಡುವ ಹುಚ್ಚು ಆಗ ಅಲ್ಲಿ ಜೋರಾಗಿತ್ತು. ಅಂಥ ಕಾರುಗಳಿಗೇ ಮಸಲ್ ಕಾರು ಎಂಬ ಹೆಸರು ನಿಂತಿತು. ಎಪ್ಪತ್ತರ ದಶಕದ ತೈಲ ಬಿಕ್ಕಟ್ಟು ಆ ಹುಚ್ಚನ್ನು ಇಳಿಸಿತು. 1978ಕ್ಕೆ ಚಾರ್ಜರ್ ನಿಂತುಹೋಯಿತು. ಎಂಬತ್ತರ ದಶಕದಲ್ಲಿ ಕಂಪನಿ ಅದೇ ಹೆಸರನ್ನು ಒಂದು ಪುಟ್ಟ ಕಾರಿಗೆ ಅಂಟಿಸಿ ನೋಡಿತು, ಅದು ಬಹಳ ದಿನ ನಡೆಯಲಿಲ್ಲ. ಮತ್ತೆ 2006ರ ಮಾಡೆಲ್ ಆಗಿ ಚಾರ್ಜರ್ ಬಂದಾಗ ಅದಕ್ಕೆ ನಾಲ್ಕು ಬಾಗಿಲು. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುವ ಸೆಡಾನ್. ಹಳೆಯ ಅಭಿಮಾನಿಗಳು ಕೆರಳಿದರು. ಎಂಜಿನ್ ಎಷ್ಟೇ ಗಟ್ಟಿಯಿರಲಿ, ನಾಲ್ಕು ಬಾಗಿಲಿನದು ಚಾರ್ಜರ್ ಹೇಗಾದೀತು ಎಂಬುದು ಅವರ ತಕರಾರು.

ಇಂಗ್ಲಿಷಿನಲ್ಲಿ ಚಾರ್ಜರ್ ಎಂದರೆ ಕಾಳಗದ ಕುದುರೆ. ಸೆಡಾನ್ ಎಂಬ ಮಾತಿಗೂ ಒಂದು ಹಿಂದಿನ ಜನ್ಮವಿದೆ. ಹದಿನೇಳನೆಯ ಶತಮಾನದ ಲಂಡನ್ನಿನಲ್ಲಿ ಹಿಂದೊಬ್ಬ ಮುಂದೊಬ್ಬ ಆಳು ಕೋಲು ಹಿಡಿದು ಹೊರುತ್ತಿದ್ದ, ನಾಲ್ಕೂ ಕಡೆ ಮುಚ್ಚಿದ ಕುರ್ಚಿಗೆ ಆ ಹೆಸರಿತ್ತು. ನಮ್ಮ ಲೆಕ್ಕದಲ್ಲಿ ಅದೊಂದು ಪಲ್ಲಕ್ಕಿ. ಅಂದಮೇಲೆ ಜಗಳ ನಡೆದದ್ದು ಕಾಳಗದ ಕುದುರೆಯ ಹೆಸರನ್ನು ಪಲ್ಲಕ್ಕಿಗೆ ಇಟ್ಟರು ಎಂದು. ಚಿಂಚಲಿಯಲ್ಲಿ ಯಾರನ್ನಾದರೂ "ಚಾರ್ಜರ್ ಐತೇನ್ರಿ?" ಎಂದು ಕೇಳಿದರೆ ಮೊಬೈಲಿನ ವೈರು ಹುಡುಕಿ ಕೊಡುತ್ತಾರೆ. ಈಗ ಆ ಕಾರೂ ಅದೇ ಅರ್ಥದ ಹತ್ತಿರಕ್ಕೆ ಬಂದಿದೆ. 2024ರಿಂದ ಚಾರ್ಜರ್ ಬ್ಯಾಟರಿಯಲ್ಲೂ ಓಡುತ್ತಿದೆ. ಎಂಜಿನ್ನೇ ಇಲ್ಲದ ಆ ಕಾರಿಗೆ ಹಳೆ ಎಂಜಿನ್ನಿನ ಗುಡುಗನ್ನು ಹೊರಡಿಸುವ ಸಾಧನವೊಂದನ್ನು ಬೇರೆಯಾಗಿ ಕೂಡಿಸಿದ್ದಾರೆ.

ನಮ್ಮಲ್ಲಿ ಯಾರೂ ರೈಲಿನ ಮುಂದೆ ನಿಂತು, ಎತ್ತಿಲ್ಲದ ಇದು ಗಾಡಿ ಹೇಗಾದೀತು ಎಂದು ಕೂಗಿದಂತಿಲ್ಲ. ಎರಡರ ನಡುವಿನ ಈ ಅಂತರ ಯಾಕೆ ಎಂದು ತಿಳಿಯಬೇಕಾದರೆ ಗಾಡಿ ಎಂಬ ಪದ ನಡೆದುಬಂದ ದಾರಿಯನ್ನು ಸ್ವಲ್ಪ ನೋಡಬೇಕು.

ಈ ಪದ ಪ್ರಾಕೃತದಿಂದ ಹೊರಟು ಮರಾಠಿ, ಹಿಂದಿ, ಗುಜರಾತಿಗಳಲ್ಲೆಲ್ಲ ನೆಲೆಸಿದ್ದು. ಕನ್ನಡಕ್ಕೆ ತನ್ನದೇ ಬಂಡಿಯಿತ್ತು. ಧಾರವಾಡ, ವಿಜಯಪುರದ ಕಡೆ ಚಕ್ಕಡಿಯೂ ಇತ್ತು. ಆದರೆ ಕೃಷ್ಣೆಯ ಈ ದಂಡೆಯ ಊರುಗಳಲ್ಲಿ ಸಂತೆ, ಸಂಬಂಧ, ದೇವರು ಎಲ್ಲವೂ ಎರಡು ಭಾಷೆಯಲ್ಲಿ ನಡೆಯುತ್ತವೆ. ಮಾಯಕ್ಕನಿಗೆ ಭಂಡಾರ ಹಾರಿಸಿ "ಚಾಂಗಭಲೋ" ಎನ್ನುವವರಲ್ಲಿ ಯಾರು ಕನ್ನಡದವರು, ಯಾರು ಮರಾಠಿಯವರು ಎಂದು ಕೂಗಿನಿಂದ ಹೇಳಲಾಗದು. ಗಾಡಿ ಎರಡೂ ಕಡೆಯವರಿಗೆ ಒದಗಿದ ಪದ, ಹಾಗಾಗಿ ಉಳಿದುಕೊಂಡಿತು.

ಮೊದಲಿಗೆ ಗಾಡಿ ಎಂದರೆ ಎತ್ತಿನದೇ. ನೊಗ, ಗಾಲಿ, ಅಚ್ಚು, ಕೀಲು ಎಲ್ಲ ಕೂಡಿದ್ದು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಸದರ್ನ್ ಮರಾಠಾ ರೈಲ್ವೆಯವರು ಈ ಸೀಮೆಯಲ್ಲಿ ಹಳಿ ಹಾಸಿದರು. ಹೊಸದಾಗಿ ಬಂದ ಆ ಕಬ್ಬಿಣದ ಸಾಲಿಗೆ ಹೆಸರು ಬೇಕಾಯಿತು. ಜನ ಇದ್ದ ಹೆಸರನ್ನೇ ಕೊಟ್ಟರು, ಹಿಂದೊಂದು ಗುರುತು ಸೇರಿಸಿದರು: ಉಗಿ, ರೈಲು. ಆಮೇಲೆ ಮೋಟಾರು ಬಂತು, ಅದು ಮೋಟಾರ್ ಗಾಡಿ. ಹೊಸದಾಗಿ ಬಂದದ್ದು ತನ್ನ ಗುರುತನ್ನು ಹೆಸರಿನ ಹಿಂದೆ ಹೊತ್ತುಕೊಂಡು ತಿರುಗಬೇಕಿತ್ತು. ಎತ್ತು ಎಳೆಯುವುದಕ್ಕೆ ಮಾತ್ರ ಗುರುತಿನ ಹಂಗಿರಲಿಲ್ಲ, ಅದು ಬರೀ ಗಾಡಿ.

ಹೆಸರಿನ ಜೊತೆ ಕ್ರಿಯಾಪದಗಳೂ ಬಂದವು. ನಮ್ಮ ಕಡೆ ಇವತ್ತಿಗೂ ಕಾರು, ಟ್ರ್ಯಾಕ್ಟರು, ಬೈಕು ಎಲ್ಲವನ್ನೂ ಹೊಡೆಯುತ್ತಾರೆ. "ಗಾಡಿ ಚಲೋ ಹೊಡಿತಾನ" ಎಂಬ ಹೊಗಳಿಕೆಯಲ್ಲಿ ಚಾಟಿ ಎಂದೋ ಮಾಯವಾಗಿದೆ, ಹೊಡೆತ ಉಳಿದಿದೆ. ಪತ್ರಿಕೆಗಳು ಬರೆಯುವ ಬೈಕ್ ಸವಾರ ಹಿಂದೆ ಕುದುರೆಯ ಮೇಲಿದ್ದವನು. ಚಾಲನಾ ಪರವಾನಗಿಗೆ ಅರ್ಜಿ ಹಾಕುವ ಸರ್ಕಾರಿ ಜಾಲತಾಣದ ಹೆಸರು ಸಾರಥಿ. ಕೃಷ್ಣನ ಕೆಲಸದ ಹೆಸರನ್ನು ಪಡೆಯಲು ನಾವೆಲ್ಲ ಎಂಟರ ಆಕಾರದಲ್ಲಿ ಗಾಡಿ ಹೊಡೆದು ತೋರಿಸಿದ್ದೇವೆ.

ಇಷ್ಟಾಗುತ್ತ ಒಂದು ದಿನ ಪದದೊಳಗೆ ಅಧಿಕಾರ ಬದಲಾಯಿತು. ಯಾವ ದಿನ ಎಂದು ಯಾರೂ ಬರೆದಿಡಲಿಲ್ಲ. ಇವತ್ತು ರಾಯಬಾಗದಲ್ಲಿ ಮನೆಗೆ ಬಂದವರು "ಗಾಡಿ ತಗೊಂಡ್ವಿ" ಎಂದರೆ ಯಾರೂ ಎತ್ತಿನ ಬಣ್ಣ ಕೇಳುವುದಿಲ್ಲ, ಮೈಲೇಜ್ ಎಷ್ಟು ಎಂದು ಕೇಳುತ್ತಾರೆ. ಮೋಟಾರಿನದು ಬರೀ ಗಾಡಿಯಾಗಿದೆ. ಗುರುತು ಹೊರುವ ಪಾಳಿ ಈಗ ಹಳೆಯದರದ್ದು: ಅದನ್ನು ಎತ್ತಿನ ಗಾಡಿ ಎಂದು ಬಿಡಿಸಿ ಹೇಳಬೇಕು. ಯಜಮಾನಿಕೆ ಹೋದದ್ದು ಆ ಒಂದು ವಿಶೇಷಣದಲ್ಲಿ ಗೊತ್ತಾಗುತ್ತದೆ. ಹಳೆ ಹೆಸರು ಹೊಸ ವಾಹನಕ್ಕೆ ನಿಜವಾಗಿ ಹತ್ತಿತೋ ಇಲ್ಲವೋ ಎಂದು ನೋಡಲು ಇದಕ್ಕಿಂತ ಒಳ್ಳೆಯ ಒರೆಗಲ್ಲು ನನಗೆ ತೋಚುವುದಿಲ್ಲ. ವಿಶೇಷಣ ಯಾರ ತಲೆಯ ಮೇಲಿದೆ, ಅಷ್ಟು ನೋಡಿದರೆ ಸಾಕು.

ಹಳೆಯ ಒಡೆತನ ಪೂರ್ತಿ ಹೋಗಿಲ್ಲದ ಜಾಗವೂ ಒಂದಿದೆ, ಅದು ಎತ್ತಿನ ಗಾಡಿ ಓಟದ ಶರ್ಯತ್ತು. ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ಜಾತ್ರೆಗಳಲ್ಲಿ "ಗಾಡಿ ಬಿಟ್ರು" ಎಂಬ ಕೂಗು ಎದ್ದರೆ ಯಾರೂ ಬೈಕು ಹುಡುಕುವುದಿಲ್ಲ. ಹೇರು ಹೊರುವ ಗಾಡಿಯಿಂದ ಮರದ ತೂಕವನ್ನೆಲ್ಲ ಇಳಿಸಿ, ಬಲವಾದ ಜೋಡಿಯನ್ನು ಹೂಡಿದ ಹಗುರ ಗಾಡಿ ಅದು. ಸಣ್ಣ ಒಡಲು, ಅಳತೆ ಮೀರಿದ ಬಲ. ನಮ್ಮ ನೆಲದ ಮಸಲ್ ಕಾರು ಎಂದರೆ ಅದೇ. 2014ರಲ್ಲಿ ಸುಪ್ರೀಂ ಕೋರ್ಟ್ ಇಂಥ ಓಟಗಳಿಗೆ ತಡೆ ಹಾಕಿತು. ಕರ್ನಾಟಕ 2017ರಲ್ಲಿ ಕಾನೂನು ತಿದ್ದಿ ಕಂಬಳಕ್ಕೂ ಎತ್ತಿನ ಗಾಡಿ ಓಟಕ್ಕೂ ದಾರಿ ಬಿಟ್ಟಿತು. 2023ರ ಮೇ ತಿಂಗಳಲ್ಲಿ ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಗಾಡಿ ಎಂಬ ಪದದ ಹಳೆ ಅರ್ಥಕ್ಕೂ ಅಷ್ಟರಮಟ್ಟಿಗೆ ನ್ಯಾಯಾಲಯದ ರಕ್ಷಣೆ ಸಿಕ್ಕಂತಾಯಿತು.

ಕಬ್ಬಿನ ಸೀಮೆಯಲ್ಲಿ ಇನ್ನೊಂದು ಹೆಸರಿದೆ, ಡನ್ಲಪ್ ಗಾಡಿ. ಮರದ ಗಾಲಿ ತೆಗೆದು ರಬ್ಬರಿನ ಟೈರು ಹಾಕಿದ ಎತ್ತಿನ ಗಾಡಿ ಅದು. ಟೈರು ಯಾವ ಕಂಪನಿಯದೇ ಇರಲಿ, ಲಾರಿಯಿಂದ ಬಿಚ್ಚಿದ ಹಳೆಯದೇ ಇರಲಿ, ಗಾಡಿ ಡನ್ಲಪ್ಪೇ. ಜಾನ್ ಬಾಯ್ಡ್ ಡನ್ಲಪ್ ಬೆಲ್‌ಫಾಸ್ಟ್‌ನಲ್ಲಿದ್ದ ಪಶುವೈದ್ಯ. 1887ರಲ್ಲಿ ಮಗನ ಮೂರು ಗಾಲಿಯ ಸೈಕಲ್ಲು ಕುಲುಕದಿರಲಿ ಎಂದು ಗಾಳಿ ತುಂಬಿದ ಟೈರು ಮಾಡಿದ. ದನದ ಡಾಕ್ಟರನ ಹೆಸರು ಕೊನೆಗೆ ದನ ಎಳೆಯುವ ಗಾಡಿಗೇ ಬಂದು ಕೂತಿತು. ಟೈರಿನಿಂದ ಎತ್ತಿಗೆ ಎಳೆತ ಹಗುರಾಯಿತು ನಿಜ. ಎಳೆತ ಹಗುರಾಯಿತೆಂದು ಒಡೆಯ ಇನ್ನಷ್ಟು ಕಬ್ಬು ಹೇರಿದ್ದೂ ನಿಜ. ಪಶ್ಚಿಮ ಬಂಗಾಳದ ಸಹಾಗಂಜ್‌ನ ಡನ್ಲಪ್ ಕಾರ್ಖಾನೆ ಬಾಗಿಲು ಹಾಕಿ ವರ್ಷಗಳೇ ಆದವು. ಕಾರ್ಖಾನೆಯ ಈ ಸುದ್ದಿ ಕಬ್ಬಿನ ಹೊಲದ ಡನ್ಲಪ್ಪಿಗೆ ಬೇಕಾಗಲೇ ಇಲ್ಲ.

ಇವೆಲ್ಲ ಬಳಸುವವರು ಇಟ್ಟ ಹೆಸರು. ಮಾರುವವರು ಇಡುವ ಹೆಸರಿನ ಕತೆ ಬೇರೆ. ಬಜಾಜ್ 1972ರಲ್ಲಿ ರಾಣಾ ಪ್ರತಾಪನ ಕುದುರೆ ಚೇತಕ್‌ನ ಹೆಸರನ್ನು ಸ್ಕೂಟರಿಗೆ ಇಟ್ಟಿತು, 2020ರಲ್ಲಿ ಆ ಸ್ಕೂಟರಿನ ಹೆಸರನ್ನು ಬ್ಯಾಟರಿ ಸ್ಕೂಟರಿಗೆ ಇಟ್ಟಿತು. ಟಾಟಾದ ಸಿಯೆರಾ 1991ರಲ್ಲಿ ಬಂದಾಗ ಮೂರು ಬಾಗಿಲು, ಹಿಂಬದಿಗೆ ಚಾವಣಿಯವರೆಗೂ ಬಾಗಿದ ದೊಡ್ಡ ಗಾಜು. 2025ರ ನವೆಂಬರಿನಲ್ಲಿ ಮತ್ತೆ ಬಂದಾಗ ಐದು ಬಾಗಿಲು. ಆ ಬಾಗಿದ ಗಾಜಿನ ನೆನಪನ್ನು ಮಾತ್ರ ಜತನದಿಂದ ಉಳಿಸಿಟ್ಟಿದ್ದಾರೆ. ನಮ್ಮ ಸಾರಿಗೆ ಸಂಸ್ಥೆಯೂ ಇದರಲ್ಲಿ ಹಿಂದೆ ಬಿದ್ದಿಲ್ಲ. ವೋಲ್ವೊ ಬಸ್ಸಿಗೆ ಇಂದ್ರನ ಆನೆಯ ಹೆಸರು ಐರಾವತ, ಮಲಗಿ ಹೋಗುವ ಬಸ್ಸಿಗೆ ಆನೆಯ ಮೇಲಿನ ಅಂಬಾರಿ. 2023ರ ಅಕ್ಟೋಬರಿನಲ್ಲಿ ಎಸಿ ಇಲ್ಲದ ಸ್ಲೀಪರ್ ಬಸ್ಸಿಗೆ ಪಲ್ಲಕ್ಕಿ ಎಂದು ಹೆಸರಿಟ್ಟರು, ಮರುವರ್ಷ ಅಶ್ವಮೇಧ ಬಂತು. ಲಂಡನ್ನಿನ ಪಲ್ಲಕ್ಕಿ ಸೆಡಾನ್ ಆದ ಹಾದಿಯಲ್ಲೇ ಕನ್ನಡದ ಪಲ್ಲಕ್ಕಿ ಸ್ಲೀಪರ್ ಆಗಿದೆ. ಟಿಕೆಟಿನ ಮೇಲೆ ಏನೇ ಇದ್ದರೂ ಹತ್ತುವವರು ಕೇಳುವುದು ಮಾತ್ರ "ಬೆಂಗಳೂರು ಗಾಡಿ ಎಷ್ಟಕ್ಕೈತ್ರಿ?"

ಇಟ್ಟ ಹೆಸರಿಗೆ ಒಡೆಯ ಯಾರು ಎಂಬ ಪ್ರಶ್ನೆ ನಮ್ಮ ರಾಜ್ಯದಲ್ಲಿ ಹೈಕೋರ್ಟಿನವರೆಗೂ ಹೋಯಿತು. ಅದು ಯೆಜ್ಡಿಯ ಕತೆ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಕೆಲಸ ಶುರುಮಾಡಿತು, ಜೆಕೊಸ್ಲೊವಾಕಿಯಾದ ಜಾವಾ ಬೈಕುಗಳನ್ನು ಇಲ್ಲಿ ತಯಾರಿಸಲು. ಎಪ್ಪತ್ತರ ದಶಕದಲ್ಲಿ ಸ್ವಂತ ಹೆಸರು ಬೇಕಾದಾಗ ಇರಾನಿ ಕುಟುಂಬದ ಮಾಲೀಕರು ಪೂರ್ವಜರ ಸೀಮೆಯಾದ ಇರಾನಿನ ಯಜ್ದ್ ನಗರವನ್ನು ನೆನೆದು ಯೆಜ್ಡಿ ಎಂದು ಕರೆದರು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್, ಕಿಕ್ ಹೊಡೆಯಲೂ ಗೇರ್ ಹಾಕಲೂ ಒಂದೇ ಲಿವರ್. ಅದರ ಸದ್ದು ಓಣಿಯ ತುದಿಯಲ್ಲಿರುವಾಗಲೇ ಯಾರ ಮನೆಯವರು ಬಂದರೆಂದು ಗೊತ್ತಾಗುತ್ತಿತ್ತು. 1996ರಲ್ಲಿ ಕಾರ್ಖಾನೆ ಮುಚ್ಚಿತು.

ಕಾರ್ಖಾನೆ ಮುಚ್ಚಿದರೂ ಬೈಕುಗಳು ನಿಲ್ಲಲಿಲ್ಲ. ಬಿಡಿಭಾಗ ಹುಡುಕಿ, ಕೂಡಿಸಿ, ಬಣ್ಣ ಬಳಿದು ಓಡಿಸುವವರು ಉಳಿದರು. ಪ್ರತಿ ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ-ಯೆಜ್ಡಿ ದಿನವೆಂದು ಮೈಸೂರು, ಬೆಂಗಳೂರುಗಳಲ್ಲಿ ಸಾಲುಗಟ್ಟಿ ಹೊರಡುತ್ತಾರೆ. 2022ರ ಜನವರಿಯಲ್ಲಿ ಕ್ಲಾಸಿಕ್ ಲೆಜೆಂಡ್ಸ್ ಎಂಬ ಕಂಪನಿ ಯೆಜ್ಡಿ ಹೆಸರಿನಲ್ಲಿ ಹೊಸ ಬೈಕುಗಳನ್ನು ತಂದಿತು. 334 ಸಿಸಿಯ ಫೋರ್ ಸ್ಟ್ರೋಕ್ ಎಂಜಿನ್. ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಹೆಸರು ಮಾತ್ರ ಮೈಸೂರಿನದು. ಅದೇ ವರ್ಷದ ಡಿಸೆಂಬರಿನಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ, ಹೆಸರು ಮುಚ್ಚಿದ ಕಂಪನಿಯ ಆಸ್ತಿ, ಅದು ಲಿಕ್ವಿಡೇಟರ್ ಕೈಯಲ್ಲಿದೆ ಎಂದಿತು. 2025ರಲ್ಲಿ ವಿಭಾಗೀಯ ಪೀಠ ಆ ತೀರ್ಪನ್ನು ತಳ್ಳಿಹಾಕಿ ಹೊಸ ಕಂಪನಿಯ ಕಡೆ ನಿಂತಿತು. ನೋಂದಾಯಿಸಿದ ಹೆಸರನ್ನು ಐದು ವರ್ಷಕ್ಕೂ ಹೆಚ್ಚು ಕಾಲ ಬಳಸದೆ ಬಿಟ್ಟರೆ ಅದನ್ನು ತೆಗೆಸಿಹಾಕಲು ಇನ್ನೊಬ್ಬರು ಅರ್ಜಿ ಹಾಕಬಹುದು ಎನ್ನುತ್ತದೆ ನಮ್ಮ ಟ್ರೇಡ್‌ಮಾರ್ಕ್ ಕಾಯ್ದೆ. ಹೆಸರೂ ಹೊಲದ ಹಾಗೆ, ಬೀಳುಬಿಟ್ಟರೆ ಹಕ್ಕು ಸಡಿಲವಾಗುತ್ತದೆ.

ಆದರೆ ಕಾಯ್ದೆ ಬಳಕೆಯೆಂದು ಎಣಿಸುವುದು ಮಾರಾಟವನ್ನು. ಆ ಇಪ್ಪತ್ತೈದು ವರ್ಷ ಹೆಸರನ್ನು ಬೀಳುಬಿಡದೆ ಉತ್ತವರು ಹಳೆ ಬೈಕಿನ ಒಡೆಯರು, ಗ್ಯಾರೇಜಿನ ಮಿಸ್ತ್ರಿಗಳು. ಹೊಸದಕ್ಕೆ ಮಾರುಕಟ್ಟೆಯಲ್ಲಿ ಬೆಲೆ ತಂದುಕೊಟ್ಟ ನೆನಪು ಅವರ ದುಡಿಮೆ. ಅದಕ್ಕೇ ಕಂಪನಿ ಹಳೆ ಹೆಸರನ್ನು ಮತ್ತೆ ಹೊರತೆಗೆದಾಗ ಅಭಿಮಾನಿ ಬಾಗಿಲು ಎಣಿಸುತ್ತಾನೆ, ಸದ್ದಿಗೆ ಕಿವಿಗೊಡುತ್ತಾನೆ. ತಾನು ಕಾಪಾಡಿದ್ದನ್ನು ತನಗೇ ಮಾರಲು ಬಂದವರಿಂದ ಲೆಕ್ಕ ಕೇಳುತ್ತಾನೆ. ರೈಲನ್ನು ಗಾಡಿ ಎಂದು ಕರೆದವನಿಗೆ ಲೆಕ್ಕ ಕೇಳುವ ಪ್ರಮೇಯವಿರಲಿಲ್ಲ, ಕರೆದವನು ತಾನೇ ಆಗಿದ್ದ.

ಹಾಗೆಂದು ಕಂಪನಿ ಇಟ್ಟ ಹೆಸರು ಎಂದೂ ಹತ್ತುವುದಿಲ್ಲವೆಂದಲ್ಲ. ನಾಲ್ಕು ಬಾಗಿಲಿನ ಚಾರ್ಜರ್ 2023ರವರೆಗೂ ತಯಾರಾಯಿತು, ಅಮೆರಿಕದ ಪೊಲೀಸರ ಗಾಡಿಯೂ ಆಯಿತು. ಅದನ್ನು ನೋಡುತ್ತ ಬೆಳೆದ ಹುಡುಗರಿಗೆ ಚಾರ್ಜರ್ ಎಂದರೆ ಅದೇ. ಎರಡು ಬಾಗಿಲಿನದನ್ನು ಹೇಳಬೇಕಾದರೆ 1968ರದು, 1969ರದು ಎಂದು ಇಸವಿ ಸೇರಿಸಬೇಕು. ಅಲ್ಲಿ ವಿಶೇಷಣ ಹಳೆಯದರ ತಲೆಗೆ ದಾಟಿದೆ. ಚೇತಕ್ ಅರ್ಧ ದಾರಿಯಲ್ಲಿದೆ. ಯೆಜ್ಡಿಯ ಮಾತು ಬಂದರೆ ಜನ ಇನ್ನೂ "ಹೊಸಾದೇನು, ಹಳೇದೇನು?" ಎಂದು ಕೇಳಿಯೇ ಮುಂದುವರಿಯುತ್ತಾರೆ. ಪೆಟ್ರೋಲ್ ಟ್ಯಾಂಕಿನ ಮೇಲೆ ಯಾರು ಬರೆಯಬಹುದು ಎಂಬುದನ್ನು ನ್ಯಾಯಪೀಠ ತೀರ್ಮಾನಿಸಿದೆ. ಬರೀ ಯೆಜ್ಡಿ ಎಂದಾಗ ಯಾವ ಬೈಕು ಕಣ್ಮುಂದೆ ಬರಬೇಕು ಎಂಬ ವ್ಯಾಜ್ಯ ಇನ್ನೂ ಓಣಿಗಳಲ್ಲಿ ನಡೆದಿದೆ, ಅದಕ್ಕೆ ಮೇಲ್ಮನವಿ ಇಲ್ಲ.

ಗಾಡಿಯನ್ನಂತೂ ಯಾವ ಕಂಪನಿಯೂ ವಾಹನದ ಹೆಸರಾಗಿ ತನ್ನೊಬ್ಬನದೆಂದು ನೋಂದಾಯಿಸುವಂತಿಲ್ಲ. ಎಲ್ಲರೂ ಆಡುವ ಸರಕಿನ ಹೆಸರನ್ನು ಒಬ್ಬರಿಗೆ ಬರೆದುಕೊಡಲು ಕಾಯ್ದೆ ಒಪ್ಪುವುದಿಲ್ಲ. ಎತ್ತಿನಿಂದ ಉಗಿಗೆ, ಉಗಿಯಿಂದ ಪೆಟ್ರೋಲಿಗೆ, ಈಗ ಬ್ಯಾಟರಿಗೆ ದಾಟಿದರೂ ಜಾಹೀರಾತಿಗೆ ಒಂದು ಪೈಸೆ ಖರ್ಚಿಲ್ಲದೆ ಉಳಿದ ಹೆಸರು ಈ ಸೀಮೆಯಲ್ಲಿ ಅದೊಂದೇ ಇರಬೇಕು.